ನೆರೆಮನೆಯವರನ್ನು ಕೆಳಗಿಳಿಸಿದ್ದು ಯಾರು?

1974ರ ಏಪ್ರಿಲ್ 27, ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಡರ್ಬಿ, ಅಂದರೆ ಒಂದೇ ಊರಿನ ಎರಡು ಫುಟ್‌ಬಾಲ್ ಕ್ಲಬ್‌ಗಳಾದ ಯುನೈಟೆಡ್ ಮತ್ತು ಸಿಟಿ ನಡುವಿನ ಪಂದ್ಯ. ಆಟ ಮುಗಿಯಲು ಕೆಲವೇ ನಿಮಿಷ ಉಳಿದಿದ್ದಾಗ ಸಿಟಿಯ ಡೆನಿಸ್ ಲಾ ಗೋಲಿಗೆ ಬೆನ್ನು ಹಾಕಿ ನಿಂತಲ್ಲೇ ಹಿಮ್ಮಡಿಯಿಂದ ಚೆಂಡನ್ನು ಬಲೆಗೆ ತಳ್ಳಿದರು. ಅದಕ್ಕೂ ಮುಂಚೆ 11 ವರ್ಷ ಯುನೈಟೆಡ್‌ ಪರ ಆಡಿದವರು ಅವರು. ಸಂಭ್ರಮಿಸಲಿಲ್ಲ, ತಲೆ ತಗ್ಗಿಸಿ ಅಂಗಳದಿಂದ ಹೊರನಡೆದರು. ಜನ ಮೈದಾನಕ್ಕೆ ನುಗ್ಗಿದ್ದರಿಂದ ಪಂದ್ಯ ಪೂರ್ತಿಯಾಗಲಿಲ್ಲ, ಆದರೂ 1–0 ಫಲಿತಾಂಶ ಹಾಗೇ ನಿಂತಿತು. ಯುನೈಟೆಡ್ ಎರಡನೇ ಡಿವಿಷನ್‌ಗೆ ಇಳಿಯಿತು. ‘ಹಳೆಯ ಮನೆಗೆ ಲಾ ತಾನೇ ಬೆಂಕಿ ಇಟ್ಟ’ ಎಂಬ ಕಥೆ ಅರ್ಧ ಶತಮಾನ ಕಳೆದರೂ ಸತ್ತಿಲ್ಲ.

ಅಂಕಪಟ್ಟಿಯನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಆಗ ಗೆಲುವಿಗೆ 2 ಅಂಕ. ಯುನೈಟೆಡ್ ಆ ಋತುವನ್ನು 32 ಅಂಕಗಳಿಗೆ ಮುಗಿಸಿತು. ಸಿಟಿಯ ಮೇಲೆ ಗೆದ್ದು, ಆಮೇಲೆ ಉಳಿದಿದ್ದ ಸ್ಟೋಕ್ ಪಂದ್ಯವನ್ನೂ ಗೆದ್ದಿದ್ದರೆ ಆಗುತ್ತಿದ್ದುದು 36. ಅದೇ ದಿನ ಗೆದ್ದ ಬರ್ಮಿಂಗ್‌ಹ್ಯಾಮ್ ಸಿಟಿ 37ಕ್ಕೆ ತಲುಪಿ ಉಳಿದುಕೊಂಡಿತು. 36 ಅಂಕ ಪಡೆದ ಸೌತಾಂಪ್ಟನ್ ಕೂಡ ಇಳಿಯಿತು. ಲಾ ಆ ಗೋಲು ಹೊಡೆಯದಿದ್ದರೂ ಯುನೈಟೆಡ್ ಮುಳುಗುತ್ತಿತ್ತು. ಡರ್ಬಿ ಅಂದು ತೀರ್ಪು ಕೊಡಲಿಲ್ಲ, ತೀರ್ಪಿಗೆ ಒಂದು ಮುಖ ಕೊಟ್ಟಿತು ಅಷ್ಟೇ.

ಒಂದೇ ಊರಿನ ಎರಡು ಕ್ಲಬ್‌ಗಳಲ್ಲಿ ಒಂದು ಹಿಂಬಡ್ತಿಯ (ಕೆಳ ಲೀಗ್‌ಗೆ ಇಳಿಯುವ) ಅಂಚಿಗೆ ಬಂದಾಗಲೆಲ್ಲ ಈ ಗೊಂದಲ ಮರುಕಳಿಸುತ್ತದೆ. ದಾಯಾದಿ ಮತ್ಸರಕ್ಕೆ ಒಬ್ಬ ಖಳನಾಯಕ ಬೇಕು. ಹಿಂಬಡ್ತಿ ಮಾತ್ರ ಬೇರೆ ಕಡೆ ತಯಾರಾಗುತ್ತದೆ, ಸಾಮಾನ್ಯವಾಗಿ ಎರಡು ಮೂರು ವರ್ಷ ಮೊದಲೇ, ಅದೂ ಲೆಕ್ಕಪತ್ರಗಳ ಕೋಣೆಯಲ್ಲಿ.

ಡರ್ಬಿಗೆ ನಿಜವಾಗಿ ಎಷ್ಟು ತೂಕ?

20 ತಂಡಗಳ ಲೀಗ್‌ನಲ್ಲಿ ಒಂದು ತಂಡಕ್ಕೆ ಸಿಗಬಹುದಾದ ಗರಿಷ್ಠ ಅಂಕ 114. ಅದರಲ್ಲಿ ಎರಡು ಡರ್ಬಿಗಳ ಪಾಲು 6. ಆದರೆ ನಿಯಮ ಯಾವ ದೇಶದ್ದು ಎಂಬುದರ ಮೇಲೆ ಈ ಆರರ ತೂಕ ಬದಲಾಗುತ್ತದೆ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 20ರಲ್ಲಿ ಕೊನೆಯ 3 ತಂಡಗಳು ನೇರವಾಗಿ ಇಳಿಯುತ್ತವೆ, ಪ್ಲೇ-ಆಫ್ (ಉಳಿವಿಗಾಗಿ ಆಡಿಸುವ ಹೆಚ್ಚುವರಿ ಪಂದ್ಯ) ಇಲ್ಲ. ಅಂಕ ಸಮವಾದರೆ ಮೊದಲು ನೋಡುವುದು ಗೋಲು ಅಂತರ, ಆಮೇಲೆ ಹೊಡೆದ ಗೋಲುಗಳ ಸಂಖ್ಯೆ. ಅಲ್ಲಿ ಡರ್ಬಿ ಸೋಲಿಗೂ ಬೇರೆ ಯಾವುದೇ ಸೋಲಿಗೂ ವ್ಯತ್ಯಾಸವಿಲ್ಲ. ಸ್ಪೇನ್‌ನಲ್ಲಿ ಹಾಗಲ್ಲ, ಸಮ ಅಂಕದ ತಂಡಗಳು ತಮ್ಮತಮ್ಮೊಳಗೆ ಆಡಿದ ಪಂದ್ಯಗಳೇ ಮೊದಲು ಲೆಕ್ಕಕ್ಕೆ ಬರುತ್ತವೆ. ಊರಿನ ಎರಡೂ ಕ್ಲಬ್‌ಗಳು ಗೆರೆಯ ಆಚೀಚೆ ನಿಂತಿದ್ದರೆ ಅಲ್ಲಿ ಡರ್ಬಿ ಎರಡು ಸಲ ಎಣಿಕೆಯಾದಂತೆ: ಒಮ್ಮೆ ಅಂಕವಾಗಿ, ಇನ್ನೊಮ್ಮೆ ಸಮಬಲ ಮುರಿಯುವ ಅಳತೆಗೋಲಾಗಿ. ಇಟಲಿಯಲ್ಲಿ 17 ಮತ್ತು 18ನೇ ಸ್ಥಾನಕ್ಕೆ ಎರಡು ತಂಡಗಳು ಸಮನಾದರೆ ಈಗ ಒಂದು ನಿರ್ಣಾಯಕ ಪಂದ್ಯವನ್ನೇ ಆಡಿಸುತ್ತಾರೆ. 2023ರಲ್ಲಿ ವೆರೋನಾ ಹಾಗೇ ಸ್ಪೆಜಿಯಾವನ್ನು 3–1ರಿಂದ ಕೆಳಗೆ ಕಳಿಸಿತು. ಜರ್ಮನಿಯ 18 ತಂಡಗಳ ಬುಂಡೆಸ್‌ಲಿಗಾದಲ್ಲಿ ಕೊನೆಯ ಎರಡು ನೇರವಾಗಿ ಇಳಿಯುತ್ತವೆ, 16ನೆಯದು ಕೆಳ ಲೀಗ್‌ನ ಮೂರನೆಯ ತಂಡದೊಡನೆ ಎರಡು ಪಂದ್ಯ ಆಡಬೇಕು.

ಎಲ್ಲಕ್ಕಿಂತ ವಿಚಿತ್ರ ನಿಯಮ ಅರ್ಜೆಂಟೀನಾದ್ದು. 1983ರಿಂದ ಅಲ್ಲಿ ಹಿಂಬಡ್ತಿಯನ್ನು ಹಲವು ಋತುಗಳ ಸರಾಸರಿಯಿಂದ ನಿರ್ಧರಿಸುವ ಪದ್ಧತಿ ಬಂತು. ಗಳಿಸಿದ ಅಂಕಗಳನ್ನು ಆಡಿದ ಪಂದ್ಯಗಳಿಂದ ಭಾಗಿಸುವುದು, ಬಂದ ಸಂಖ್ಯೆ ಯಾರದು ಕಡಿಮೆಯೋ ಅವರು ಇಳಿಯುವುದು. ಹೊಸದಾಗಿ ಬಡ್ತಿ ಪಡೆದ ತಂಡಕ್ಕೆ ಮೇಲೆ ಬಂದ ನಂತರದ ಪಂದ್ಯಗಳಷ್ಟೇ ಲೆಕ್ಕ. ಒಂದು ಕೆಟ್ಟ ಋತುವಿಗೆ ದೊಡ್ಡ ಕ್ಲಬ್ ಬಲಿಯಾಗದಿರಲಿ ಎಂದೇ ಇದನ್ನು ತಂದರು ಎಂದು ಅಲ್ಲಿನ ಚಿಕ್ಕ ಕ್ಲಬ್‌ಗಳ ಅಭಿಮಾನಿಗಳು ಇವತ್ತಿಗೂ ದೂರುತ್ತಾರೆ, ದೂರಿನಲ್ಲಿ ಹುರುಳಿದೆ. 1983ರ ಪಟ್ಟಿಯಲ್ಲಿ ರಿವರ್ ಪ್ಲೇಟ್ ಕೊನೆಯಿಂದ ಎರಡನೆಯದಾಗಿತ್ತು. ಹಳೆಯ ನಿಯಮವಿದ್ದಿದ್ದರೆ ಅದೇ ಇಳಿಯಬೇಕಿತ್ತು, ಸರಾಸರಿ ಅದನ್ನು ಉಳಿಸಿತು. ಬದಲಿಗೆ ಇಳಿದವರಲ್ಲಿ ಒಂದು ಅವೆಲನೆಡಾದ ರೇಸಿಂಗ್. ಆ ಊರಿನಲ್ಲಿ ರೇಸಿಂಗ್ ಮತ್ತು ಇಂಡಿಪೆಂಡಿಯೆಂಟೆಯ ಮೈದಾನಗಳ ನಡುವೆ ಕೆಲವು ನೂರು ಮೀಟರ್ ದೂರವಷ್ಟೇ. ಹಿಂಬಡ್ತಿ ಖಚಿತವಾದ ಮೇಲೆ ರೇಸಿಂಗ್ ಆಡಬೇಕಾಗಿದ್ದ ಕೊನೆಯ ಪಂದ್ಯ ಅದೇ ಇಂಡಿಪೆಂಡಿಯೆಂಟೆಯ ಮೇಲೆ. 2–0ರಿಂದ ಗೆದ್ದು ನೆರೆಮನೆಯವರು ಚಾಂಪಿಯನ್ ಆದರು. ಗಾಯದ ಮೇಲೆ ಬರೆ ಅಂದರೆ ಇದೇ.

ರಿವರ್‌ನ ಸಾಲ ತೀರಿದ್ದು 28 ವರ್ಷಗಳ ನಂತರ. 2008ರ ಮೊದಲಾರ್ಧದಲ್ಲಿ ಪ್ರಶಸ್ತಿ ಗೆದ್ದ ತಂಡ ಅದೇ ವರ್ಷದ ದ್ವಿತೀಯಾರ್ಧದ ಟೂರ್ನಿಯಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಆ ಸೊನ್ನೆಯಂಥ ಋತು ಮೂರು ವರ್ಷ ಸರಾಸರಿಯಲ್ಲಿ ಭಾರವಾಗಿ ಕೂತಿತ್ತು. 2010–11ರ ಅಂಕಗಳನ್ನಷ್ಟೇ ನೋಡಿದ್ದರೆ ರಿವರ್ ಅಪಾಯದ ಹತ್ತಿರವೂ ಇರಲಿಲ್ಲ. ಸರಾಸರಿ ಅದನ್ನು ಕೊರ್ಡೊಬಾದ ಬೆಲ್ಗ್ರಾನೊ ವಿರುದ್ಧದ ಪ್ಲೇ-ಆಫ್‌ಗೆ ದೂಡಿತು: ಅಲ್ಲಿ 0–2, ತವರಿನ ಮೊನುಮೆಂಟಲ್‌ನಲ್ಲಿ 1–1. 2011ರ ಜೂನ್ 26ರಂದು ರಿವರ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಇಳಿಯಿತು. ಅದೇ ಊರಿನ ಬದ್ಧ ಎದುರಾಳಿ ಬೊಕಾದ ಅಭಿಮಾನಿಗಳು ಬಿಳಿ ಬಟ್ಟೆ ಹೊದ್ದು, ಎದೆಯ ಮೇಲೆ ಎರಡನೇ ಡಿವಿಷನ್ನನ್ನು ಸೂಚಿಸುವ ‘ಬಿ’ ಅಕ್ಷರ ಬರೆದುಕೊಂಡು ದೆವ್ವವಾಗಿ ಕುಣಿದರು; ಆ ‘ಬಿ’ ದೆವ್ವ ಇಂದಿಗೂ ಅವರ ಸ್ಟ್ಯಾಂಡುಗಳಲ್ಲಿ ಕಾಣಿಸುತ್ತದೆ. ರಿವರ್ ಇಳಿದದ್ದರಲ್ಲಿ ಬೊಕಾದ ಪಾತ್ರ ಎಷ್ಟು ಎಂದು ಹುಡುಕಿದರೆ ಕೈಗೆ ಸಿಗುವುದು ಮೂರು ಋತುಗಳ ನೂರಕ್ಕೂ ಹೆಚ್ಚು ಪಂದ್ಯಗಳಲ್ಲಿ ಬೆರಳೆಣಿಕೆಯಷ್ಟು.

ಡರ್ಬಿಯೇ ನಿಜವಾಗಿ ಮೊಳೆ ಹೊಡೆದ ದಿನಗಳೂ ಇವೆ. 2016ರ ಮೇ 2ರಂದು ಸ್ಕಾಟ್ಲೆಂಡಿನ ಡಂಡೀ ತಂಡ ಹೆಚ್ಚುವರಿ ನಿಮಿಷಗಳಲ್ಲಿ ಗೋಲು ಹೊಡೆದು ಡಂಡೀ ಯುನೈಟೆಡ್‌ ಅನ್ನು 2–1ರಿಂದ ಸೋಲಿಸಿದಾಗಲೇ ಯುನೈಟೆಡ್‌ನ ಹಿಂಬಡ್ತಿ ಗಣಿತದ ಪ್ರಕಾರ ಖಚಿತವಾಯಿತು. ಎರಡರ ಮೈದಾನಗಳೂ ಒಂದೇ ಬೀದಿಯಲ್ಲಿವೆ. 2020ರ ಜುಲೈ 8ರಂದು ಬಾರ್ಸಿಲೋನಾ ಕ್ಲಬ್ಬಿನ ಕ್ಯಾಂಪ್ ನೌನಲ್ಲಿ, ಪ್ರೇಕ್ಷಕರಿಲ್ಲದ ಮೈದಾನದಲ್ಲಿ, ಸುವಾರೆಜ್ ಹೊಡೆದ ಒಂದು ಗೋಲು ಊರಿನ ಇನ್ನೊಂದು ಕ್ಲಬ್ ಎಸ್ಪಾನ್ಯೋಲ್‌ನ 26 ವರ್ಷಗಳ ಮೇಲಿನ ಲೀಗ್ ವಾಸಕ್ಕೆ ತೆರೆ ಎಳೆಯಿತು. ಆದರೆ ‘ಖಚಿತವಾದ ದಿನ’ ಬೇರೆ, ‘ಕಾರಣ’ ಬೇರೆ. ಎಸ್ಪಾನ್ಯೋಲ್ ಆ ಋತು ಮುಗಿಸಿದ್ದು 25 ಅಂಕಗಳೊಂದಿಗೆ ಕೊನೆಯ ಸ್ಥಾನದಲ್ಲಿ. ಡಂಡೀ ಯುನೈಟೆಡ್ ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ರಾಬರ್ಟ್‌ಸನ್, ಗೋಲ್ಡ್, ಆರ್ಮ್‌ಸ್ಟ್ರಾಂಗ್, ಮೆಕೇ-ಸ್ಟೀವನ್, ಚಿಫ್ಚಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮಾರಿತ್ತು.

ಹಾಗಾದರೆ ಬಿದ್ದದ್ದು ಎಲ್ಲಿ?

ಇಟಲಿಯ ಜೆನೋವಾ ಊರಿನ ಉದಾಹರಣೆ ಚೊಕ್ಕವಾಗಿದೆ. 2009–10ರಲ್ಲಿ ಸಾಂಪ್ಡೋರಿಯಾ ನಾಲ್ಕನೇ ಸ್ಥಾನ ಪಡೆಯಿತು. ಆಗಸ್ಟ್‌ನಲ್ಲಿ ಯುರೋಪಿನ ಅಗ್ರ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ವೆರ್ಡರ್ ಬ್ರೆಮೆನ್ ಎದುರು ಸೋತಿತು, ಬರಬೇಕಿದ್ದ ಹಣ ಬರಲಿಲ್ಲ. 2011ರ ಜನವರಿಗೆ ಮುಂಚೂಣಿಯ ಜೋಡಿಯೇ ಹೋಯಿತು: ಕಸ್ಸಾನೊ ಮಿಲಾನ್‌ಗೆ, ಪಾಟ್ಸಿನಿ ಇಂಟರ್‌ಗೆ. ಗೋಲು ಹೊಡೆಯುವ ಇಬ್ಬರನ್ನೂ ಒಂದೇ ತಿಂಗಳು ಕಳಿಸಿದ ತಂಡ ಮೇ ತಿಂಗಳಲ್ಲಿ ಎಲ್ಲಿರುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಮೇ 8ರ ಡರ್ಬಿಯ 97ನೇ ನಿಮಿಷದಲ್ಲಿ ಬೊಸೆಲ್ಲಿ ಹೊಡೆದ ಗೋಲಿಗೆ ಊರಿನ ಹೆಸರಿನದೇ ಕ್ಲಬ್ ಜೆನೋವಾ 2–1ರಿಂದ ಗೆದ್ದಿತು. ಸಾಂಪ್ಡೋರಿಯಾ ಇಳಿಯಿತು, ಊರಿನ ಇನ್ನೊಂದು ಅರ್ಧ ಅಣಕು ಶವಯಾತ್ರೆ ನಡೆಸಿತು. ಅಂತಿಮ ಪಟ್ಟಿಯಲ್ಲಿ ಉಳಿದುಕೊಂಡ ಲೆಚ್ಚೆಗೂ ಸಾಂಪ್ಡೋರಿಯಾಗೂ ಅಂತರ 5 ಅಂಕ. ಆ ಪಂದ್ಯವನ್ನು ಗೆದ್ದಿದ್ದರೂ ಸಾಲುತ್ತಿರಲಿಲ್ಲ.

ಬರ್ಲಿನ್‌ನ ಲೆಕ್ಕ ಇಷ್ಟು ಸರಳವಲ್ಲ, ನನ್ನ ವಾದಕ್ಕೆ ಅಷ್ಟು ಅನುಕೂಲವೂ ಅಲ್ಲ. 2022–23ರಲ್ಲಿ ಹೆರ್ತಾ ಎರಡೂ ಡರ್ಬಿಗಳಲ್ಲಿ ಯೂನಿಯನ್‌ಗೆ ಸೋತಿತು: 1–3, 0–2. ಮುಗಿಸಿದ್ದು 29 ಅಂಕಕ್ಕೆ, ಕೊನೆಯ ಸ್ಥಾನದಲ್ಲಿ. ಎರಡನ್ನೂ ಗೆದ್ದಿದ್ದರೆ 35, ಆಗ ಉಳಿಯುತ್ತಿತ್ತು. ಆದರೆ 34 ಪಂದ್ಯಗಳಲ್ಲಿ ಯಾವ ಎರಡು ಸೋಲನ್ನು ಎತ್ತಿಕೊಂಡು ಗೆಲುವಾಗಿ ಬದಲಿಸಿದರೂ ಇದೇ 35 ಬರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. 2019ರಿಂದ ಲಾರ್ಸ್ ವಿಂಡ್‌ಹಾರ್ಸ್ಟ್ ಎಂಬ ಹೂಡಿಕೆದಾರ ಹೆರ್ತಾಕ್ಕೆ ಸುರಿದದ್ದು 37.4 ಕೋಟಿ ಯೂರೊ. ಅದೇ 2019ರಲ್ಲಿ ಯೂನಿಯನ್ ಮೊದಲ ಬಾರಿ ಬುಂಡೆಸ್‌ಲಿಗಾಕ್ಕೆ ಬಂತು, ಅಭಿಮಾನಿಗಳೇ ಕೈಯಾರೆ ದುಡಿದು ನವೀಕರಿಸಿದ, ಸುಮಾರು 22,000 ಜನ ಹಿಡಿಸುವ ಮೈದಾನದಿಂದ. ನಾಲ್ಕು ವರ್ಷಗಳ ನಂತರ ಹೆರ್ತಾ ಇಳಿಯಿತು, ಯೂನಿಯನ್ ನಾಲ್ಕನೇ ಸ್ಥಾನ ಪಡೆದು ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ಕಡಿಮೆ ಹಣದ ತಂಡ ತನ್ನ ಆಟದ ರೀತಿಗೆ ತಕ್ಕ ಆಟಗಾರರನ್ನು ಕೊಂಡಿತು. ಹೆಚ್ಚು ಹಣದ ತಂಡ ಕೋಚ್ ಬದಲಿಸಿ, ಹೊಸ ಕೋಚ್‌ಗೆ ಬೇಕಾದವರನ್ನು ಕೊಂಡು, ಮತ್ತೆ ಕೋಚ್ ಬದಲಿಸಿತು.

ಈ ಚಕ್ರ ಯಾಕೆ ಅಷ್ಟು ದುಬಾರಿ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ನೋಡಿ. ಕ್ಲಬ್ ಒಬ್ಬನಿಗೆ 4 ಕೋಟಿ ಯೂರೊ ಕೊಟ್ಟು 4 ವರ್ಷದ ಒಪ್ಪಂದ ಮಾಡಿಕೊಳ್ಳುತ್ತದೆ. ಲೆಕ್ಕಪತ್ರದಲ್ಲಿ ಆ ಮೊತ್ತ ವರ್ಷಕ್ಕೆ 1 ಕೋಟಿಯಂತೆ ಖರ್ಚಾಗುತ್ತದೆ. ಒಂದು ವರ್ಷ ಕಳೆದು ತಂಡ ಇಳಿದರೆ ಪುಸ್ತಕದಲ್ಲಿ ಅವನ ಬೆಲೆ ಇನ್ನೂ 3 ಕೋಟಿ. ಕೊಳ್ಳುವವರಿಗೆ ಮಾರುವವನ ಇಕ್ಕಟ್ಟು ಗೊತ್ತು, 1.8 ಕೋಟಿ ಅನ್ನುತ್ತಾರೆ. ಮಾರಿದರೆ ಆ ವರ್ಷವೇ 1.2 ಕೋಟಿ ನಷ್ಟ ಬರೆಯಬೇಕು. ಇಟ್ಟುಕೊಂಡರೆ ಕೆಳ ಲೀಗ್‌ನ ಆದಾಯದಲ್ಲಿ ಮೇಲಿನ ಲೀಗ್‌ನ ಸಂಬಳ ಕೊಡಬೇಕು. ಇಂಥ ಐದಾರು ಒಪ್ಪಂದಗಳಿದ್ದರೆ ಕ್ಲಬ್ ಉಸಿರುಗಟ್ಟುತ್ತದೆ. ಆದ್ದರಿಂದಲೇ ಎಚ್ಚರದ ಕ್ಲಬ್‌ಗಳು ಒಪ್ಪಂದದಲ್ಲೇ ಹಿಂಬಡ್ತಿ ಷರತ್ತು ಬರೆಸುತ್ತವೆ: ತಂಡ ಇಳಿದರೆ ಸಂಬಳ ಇಷ್ಟು ಪ್ರತಿಶತ ಕಡಿತ. ತೊಂದರೆ ಏನೆಂದರೆ, ಒಳ್ಳೆಯ ಆಟಗಾರನ ಏಜೆಂಟ್ ಆ ಕಡಿತಕ್ಕೆ ಬದಲಾಗಿ ‘ಇಳಿದರೆ ಇಂತಿಷ್ಟಕ್ಕೆ ಬಿಟ್ಟುಕೊಡಬೇಕು’ ಎಂಬ ಷರತ್ತನ್ನೂ ಬರೆಸಿರುತ್ತಾನೆ. ಸಂಬಳ ಉಳಿಯುತ್ತದೆ, ಆಟಗಾರ ಉಳಿಯುವುದಿಲ್ಲ.

ಹಣವೇ ಎಲ್ಲ ಎಂದೂ ಅನ್ನಲಾಗದು, ಮೂರ್ಖತನಕ್ಕೂ ಅದರದೇ ಪಾಲಿದೆ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಎರಡನೇ ಹಂತದ ಲೀಗ್ ಆದ ಚಾಂಪಿಯನ್‌ಶಿಪ್‌ನಲ್ಲಿ 6ನೇ ಸ್ಥಾನದಲ್ಲಿದ್ದ ಬರ್ಮಿಂಗ್‌ಹ್ಯಾಮ್ ಸಿಟಿ ತನ್ನ ಮ್ಯಾನೇಜರ್ ಜಾನ್ ಯೂಸ್ಟೇಸ್‌ರನ್ನು ತೆಗೆದು ವೇಯ್ನ್ ರೂನಿಯನ್ನು ತಂದಿತು. ರೂನಿಗೆ 15 ಪಂದ್ಯಗಳಲ್ಲಿ ಸಿಕ್ಕಿದ್ದು 2 ಗೆಲುವು. 2024ರ ಮೇ ತಿಂಗಳಲ್ಲಿ ಕ್ಲಬ್ 50 ಅಂಕಕ್ಕೆ ಮುಗಿಸಿ ಒಂದೇ ಒಂದು ಅಂಕದಿಂದ ಮೂರನೇ ಹಂತಕ್ಕೆ ಇಳಿಯಿತು. ಅದೇ ತಿಂಗಳು ಊರಿನ ಇನ್ನೊಂದು ತುದಿಯ ಆಸ್ಟನ್ ವಿಲ್ಲಾ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆಯಿತು. ಆ ಋತುವಿನಲ್ಲಿ ಎರಡು ಕ್ಲಬ್‌ಗಳು ಬೇರೆಬೇರೆ ಡಿವಿಷನ್‌ನಲ್ಲಿದ್ದವು. ಲೀಗ್ ಡರ್ಬಿಯೇ ಇರಲಿಲ್ಲ, ದೂರಲು ನೆರೆಯವರೂ ಸಿಗಲಿಲ್ಲ. (ಮರುವರ್ಷ ಬರ್ಮಿಂಗ್‌ಹ್ಯಾಮ್ 111 ಅಂಕಗಳೊಂದಿಗೆ ವಾಪಸಾಯಿತು, ಅದೂ ದಾಖಲೆಯೇ.)

ಕಚೇರಿಯಲ್ಲಿ ಕಳೆದುಹೋಗುವ ಅಂಕಗಳು

ಇತ್ತೀಚೆಗೆ ಹೆಚ್ಚುತ್ತಿರುವುದು ಮೈದಾನದ ಹೊರಗೆ ಕಡಿತವಾಗುವ ಅಂಕಗಳು. ಇದರಲ್ಲಿ ಎಡಿನ್‌ಬರೊದ 2013–14ನ್ನು ಮೀರಿಸುವ ಉದಾಹರಣೆ ಇಲ್ಲ. ಸಾಲದಲ್ಲಿ ಮುಳುಗಿ ಆಡಳಿತಾಧಿಕಾರಿಗಳ ಕೈಗೆ ಹೋಗಿದ್ದ ಹಾರ್ಟ್ಸ್ ಋತುವನ್ನು −15 ಅಂಕದಿಂದ ಆರಂಭಿಸಿ 23ಕ್ಕೆ ಮುಗಿಸಿ ಇಳಿಯಿತು. ಕಡಿತವಿಲ್ಲದಿದ್ದರೆ ಅದರದು 38. ನೆರೆಯ ಹಿಬ್ಸ್ ಗಳಿಸಿದ್ದು 35. ಅಂದರೆ ಆಟದಲ್ಲಿ ಹಾರ್ಟ್ಸೇ ಮೇಲು. ಹಾರ್ಟ್ಸ್‌ನ ಪಾಡಿಗೆ ನಕ್ಕ ಹಿಬ್ಸ್ ಅಭಿಮಾನಿಗಳ ನಗು ಮೇ ತಿಂಗಳವರೆಗಷ್ಟೇ. ಆ ವರ್ಷವೇ ಶುರುವಾಗಿದ್ದ ಪ್ಲೇ-ಆಫ್‌ನಲ್ಲಿ 11ನೇ ಸ್ಥಾನದ ಹಿಬ್ಸ್, ಹ್ಯಾಮಿಲ್ಟನ್ ವಿರುದ್ಧ ಮೊದಲ ಪಂದ್ಯವನ್ನು 2–0ರಿಂದ ಗೆದ್ದೂ ತವರಿನಲ್ಲಿ ಎಡವಿ, ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಎರಡೂ ಕೆಳಗೆ. ಹಾರ್ಟ್ಸ್ ಒಂದೇ ವರ್ಷಕ್ಕೆ ಮೇಲೆ ಬಂತು, ಹಿಬ್ಸ್‌ಗೆ ಮೂರು ವರ್ಷ ಬೇಕಾಯಿತು.

ಷೆಫೀಲ್ಡ್‌ನಲ್ಲಿ 2021ರಲ್ಲಿ ಆದದ್ದು ಇದರ ತಮ್ಮ. ಯುನೈಟೆಡ್ ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಸ್ಥಾನ, ವೆನ್ಸ್‌ಡೇ ಚಾಂಪಿಯನ್‌ಶಿಪ್‌ನಲ್ಲಿ ಕೊನೆಯ ಸ್ಥಾನ, ಎರಡಕ್ಕೂ ಒಂದೇ ಋತುವಿನಲ್ಲಿ ಹಿಂಬಡ್ತಿ. ವೆನ್ಸ್‌ಡೇಯ 41 ಅಂಕ 6 ಕಡಿತವಾದ ಮೇಲೆ ಉಳಿದದ್ದು. ತನ್ನ ಮೈದಾನ ಹಿಲ್ಸ್‌ಬರೊವನ್ನು ತನ್ನದೇ ಮಾಲೀಕನಿಗೆ ಮಾರಿ ಆ ಲಾಭವನ್ನು ಹಿಂದಿನ ವರ್ಷದ ಲೆಕ್ಕಕ್ಕೆ ಸೇರಿಸಿದ್ದಕ್ಕೆ ಬಂದ ಶಿಕ್ಷೆ ಅದು. 44 ಅಂಕ ಪಡೆದ ಡರ್ಬಿ ಕೌಂಟಿ ಎಂಬ ಕ್ಲಬ್ ಬಚಾವಾಯಿತು, ವೆನ್ಸ್‌ಡೇಗೆ ಆ 6 ಇದ್ದಿದ್ದರೆ 47. ಪಾಠ ಕಲಿಯಲಿಲ್ಲ. 2025ರ ಅಕ್ಟೋಬರ್ 24ರಂದು ಅದೇ ಕ್ಲಬ್ ಆಡಳಿತಾಧಿಕಾರಿಗಳ ಕೈಗೆ ಹೋಗಿ 12 ಅಂಕ ಕಳೆದುಕೊಂಡಿತು, ಡಿಸೆಂಬರ್‌ನಲ್ಲಿ ಮತ್ತೆ 6. ಗೆದ್ದರೆ 3 ಅಂಕ ಕೊಡುವ ಆಟದಲ್ಲಿ 18 ಎಂದರೆ ಆರು ಗೆಲುವು. ಆ ಗುಂಡಿಯ ಮುಂದೆ ಯಾವ ಡರ್ಬಿಯೂ ಏನೂ ಅಲ್ಲ.

ಇಳಿದ ಮೇಲೆ

ಇಂಗ್ಲೆಂಡಿನಲ್ಲಿ ಇಳಿದ ಕ್ಲಬ್‌ಗೆ ‘ಪ್ಯಾರಾಚೂಟ್’ ಹಣ ಉಂಟು. ಪ್ರೀಮಿಯರ್ ಲೀಗ್ ತನ್ನ ಕ್ಲಬ್‌ಗಳಿಗೆ ಸಮನಾಗಿ ಹಂಚುವ ಪ್ರಸಾರ ಆದಾಯದ ಒಂದು ಪಾಲಿನಲ್ಲಿ ಮೊದಲ ವರ್ಷ 55%, ಎರಡನೆಯ ವರ್ಷ 45%, ಮೂರನೆಯ ವರ್ಷ 20%. ಒಂದೇ ಋತು ಮೇಲಿದ್ದು ಬಿದ್ದವರಿಗೆ ಮೂರನೇ ಕಂತು ಇಲ್ಲ. ಮೆಟ್ಟಿಲು ಹೇಗಿದೆ ಗಮನಿಸಿ: ಮೊದಲೆರಡು ವರ್ಷದಲ್ಲಿ ಹಿಂತಿರುಗದಿದ್ದರೆ ಮೂರನೆಯ ವರ್ಷ ಹಣ ಅರ್ಧಕ್ಕಿಂತಲೂ ಕೆಳಗೆ ಜಾರುತ್ತದೆ. ಆದ್ದರಿಂದ ಬಿದ್ದ ಕ್ಲಬ್ ಎರಡು ವರ್ಷ ದುಬಾರಿ ತಂಡವನ್ನೇ ಸಾಕಿಕೊಂಡು ಜೂಜಾಡುತ್ತದೆ, ಸೋತರೆ ಎರಡನೇ ಬೀಳು ಮೊದಲಿಗಿಂತ ಆಳ.

ಹ್ಯಾಂಬರ್ಗ್‌ನ ಎಚ್‌ಎಸ್‌ವಿ 2018ರಲ್ಲಿ ಮೊದಲ ಬಾರಿ ಇಳಿದಾಗ ‘ಒಂದು ವರ್ಷದ ಮಾತು’ ಎಂಬ ಭಾವನೆ ಇತ್ತು. ಆಮೇಲಿನ ಸ್ಥಾನಗಳನ್ನು ಸಾಲಾಗಿ ಓದಿದರೆ ಸಾಕು: 4, 4, 4, 3, 3, 4. ಮೂರನೇ ಸ್ಥಾನ ಸಿಕ್ಕ ಎರಡು ಸಲವೂ ಪ್ಲೇ-ಆಫ್‌ನಲ್ಲಿ ಸೋಲು. ಅದರಲ್ಲಿ ಒಂದು ಹೆರ್ತಾ ಎದುರು. 2024ರಲ್ಲಿ ಊರಿನ ಚಿಕ್ಕ ಕ್ಲಬ್ ಸೇಂಟ್ ಪೌಲಿ ಕೆಳ ಲೀಗ್ ಗೆದ್ದು ಅದಕ್ಕಿಂತ ಮೊದಲೇ ಮೇಲೆ ಹೋಯಿತು, ಎಚ್‌ಎಸ್‌ವಿ ಬಂದದ್ದು 2025ರಲ್ಲಿ. ಹಿಂದೊಮ್ಮೆ ಇಬ್ಬರೂ ಮೇಲಿದ್ದದ್ದು 2010–11ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಎಚ್‌ಎಸ್‌ವಿಯ ಮೈದಾನದಲ್ಲೇ ಡರ್ಬಿ ಗೆದ್ದು ಕುಣಿದ ಸೇಂಟ್ ಪೌಲಿ, ಅದಾದ ಮೇಲೆ ಒಂದೂ ಪಂದ್ಯ ಗೆಲ್ಲದೆ ಕೊನೆಯ ಸ್ಥಾನದಲ್ಲಿ ಇಳಿಯಿತು.

ಮ್ಯೂನಿಕ್ ಇನ್ನೊಂದು ಬಗೆ. 1963ರಲ್ಲಿ ಬುಂಡೆಸ್‌ಲಿಗಾ ಶುರುವಾದಾಗ ಒಂದು ಊರಿನಿಂದ ಒಂದೇ ಕ್ಲಬ್ ಎಂಬ ಲೆಕ್ಕದಲ್ಲಿ ಒಳಗೆ ಹೋದದ್ದು 1860 ಮ್ಯೂನಿಕ್. ಬಯರ್ನ್ ಹೊರಗುಳಿದು 1965ರಲ್ಲಿ ಬಂತು. ಮುಂದೆ ಇಬ್ಬರೂ ಸೇರಿ ಅರ್ಧರ್ಧ ಪಾಲಿನಲ್ಲಿ ಅಲಿಯಾನ್ಸ್ ಅರೆನಾ ಕಟ್ಟಿದರು. ಆದರೆ ಮೈದಾನ ತೆರೆಯುವ ಹೊತ್ತಿಗೆ, 2004ರಲ್ಲೇ, 1860 ಇಳಿದಾಗಿತ್ತು. ಮೇಲಿನ ಲೀಗ್‌ನ ಆದಾಯ ನಂಬಿ ಮಾಡಿದ ಸಾಲ, ಕೆಳ ಲೀಗ್‌ನ ಟಿಕೆಟ್ ಹಣ. 2006ರಲ್ಲಿ ತನ್ನ ಪಾಲನ್ನು 1.1 ಕೋಟಿ ಯೂರೊಗೆ ಬಯರ್ನ್‌ಗೇ ಮಾರಿ ಬಾಡಿಗೆದಾರನಾಯಿತು. 2017ರಲ್ಲಿ ಮೂರನೇ ಲೀಗ್‌ಗೆ ಇಳಿದು, ಹೂಡಿಕೆದಾರನಿಂದ ಹಣ ಬಾರದೆ ಲೈಸೆನ್ಸೂ ಸಿಗದೆ ನಾಲ್ಕನೆಯದಕ್ಕೆ ಬಿತ್ತು. 2004ರ ನಂತರ ಬುಂಡೆಸ್‌ಲಿಗಾದಲ್ಲಿ ಮ್ಯೂನಿಕ್ ಡರ್ಬಿ ಎಂಬುದೇ ಇಲ್ಲ.

ನೆರೆಯವರು ಇಳಿದರೆ ಮೇಲುಳಿದವರಿಗೆ ಏನು ಸಿಗುತ್ತದೆ? ಅಭಿಮಾನಿಗಳು ಪಕ್ಷ ಬದಲಿಸುವುದಿಲ್ಲ. ವರ್ಷದಲ್ಲಿ ಅತಿ ಬೇಗ ಟಿಕೆಟ್ ಮುಗಿಯುವ ಪಂದ್ಯ ಕೈಬಿಡುತ್ತದೆ. ಪ್ರಯಾಣವಿಲ್ಲದ, ಎದುರಾಳಿ ಮೈದಾನದಲ್ಲೂ ಸಾವಿರಾರು ಸ್ವಂತ ಜನ ಕೂರುವ ಪಂದ್ಯವೂ ಹೋಗುತ್ತದೆ. ಸಿಗುವುದು ಒಂದು ಬೇಸಿಗೆಯ ಹಾಸ್ಯ.

ಆ ಹಾಸ್ಯಕ್ಕಾಗಿ ತಮ್ಮ ತಂಡವೇ ಸೋಲಲಿ ಎಂದು ಬೇಡಿದವರೂ ಇದ್ದಾರೆ. ಹೀಗಾಗಬಾರದೆಂದೇ ಕೊನೆಯ ಸುತ್ತಿನ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ. ಅದು ಆಟಗಾರರ ಲೆಕ್ಕಾಚಾರವನ್ನು ತಡೆಯಬಹುದು, ಸ್ಟ್ಯಾಂಡಿನಲ್ಲಿ ಕೂತವರ ಮನಸ್ಸನ್ನಲ್ಲ. 2000ದ ಮೇ ತಿಂಗಳಲ್ಲಿ ಸೆವಿಯಾ ಆಗಲೇ ಇಳಿದಾಗಿತ್ತು. ತವರಿನಲ್ಲಿ ಎದುರಾಳಿ ಒವಿಯೇಡೊ. ಒವಿಯೇಡೊ ಗೆದ್ದಷ್ಟೂ ನೆರೆಯ ಬೆಟಿಸ್‌ಗೆ ಕಷ್ಟ. ಸೆವಿಯಾ ಅಭಿಮಾನಿಗಳು ಎದುರಾಳಿಯ ಗೋಲುಗಳಿಗೆ ಚಪ್ಪಾಳೆ ತಟ್ಟಿದರು, ತಮ್ಮವರ ಮೇಲೆಯೇ ಶಿಳ್ಳೆ ಹಾಕಿದರು. ಸೆವಿಯಾ 2–3ರಿಂದ ಸೋತಿತು, ಒವಿಯೇಡೊ ಉಳಿಯಿತು, ಬೆಟಿಸ್ ಇಳಿಯಿತು. ಮುಂದಿನ ಋತುವಿನಲ್ಲಿ ಎರಡೂ ತಂಡಗಳು ಎರಡನೇ ಡಿವಿಷನ್‌ನಲ್ಲಿ ಮತ್ತೆ ಎದುರುಬದುರಾದವು. ಸೆವಿಯಾ ಮೊದಲ ಸ್ಥಾನ, ಬೆಟಿಸ್ ಎರಡನೆಯದು. ಇಬ್ಬರೂ ಜೊತೆಯಲ್ಲೇ ಮೇಲೆ ಹತ್ತಿದರು.